ಗದ್ದಲಕ್ಕೆ ಕಡಿವಾಣ

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಥಾಮಸ್ ವಿಲ್ಲಿಸ್ ಎಂಬ ಪ್ರಸಿದ್ಧ ವೈದ್ಯರಿದ್ದರು. ಮೆದುಳಿನ ರಚನೆಯನ್ನು ಆಳವಾಗಿ ಶೋಧಿಸಿದವರೆಂದು ವೈದ್ಯಶಾಸ್ತ್ರದ ಇತಿಹಾಸ ಅವರನ್ನು ಸ್ಮರಿಸುತ್ತದೆ. 1672ರಲ್ಲಿ ಅವರು ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ವಿಚಿತ್ರ ಪ್ರಸಂಗವಿದೆ. ಒಬ್ಬ ಗೃಹಿಣಿಗೆ ಕಿವಿ ಮಂದ. ಎಷ್ಟು ಕೂಗಿದರೂ ಕೇಳಿಸದು. ಆದರೆ ಕೋಣೆಯಲ್ಲಿ ನಗಾರಿ ಬಾರಿಸುತ್ತಿರುವಷ್ಟು ಹೊತ್ತು ಆಕೆ ಎಲ್ಲರ ಮಾತನ್ನೂ ಸ್ಪಷ್ಟವಾಗಿ ಕೇಳಿ ಉತ್ತರ ಕೊಡುತ್ತಿದ್ದಳು. ಗಂಡನಾದರೂ ಜಾಣ, ನಗಾರಿ ಬಾರಿಸುವವನೊಬ್ಬನನ್ನು ಮನೆಯಲ್ಲಿ ಆಳಾಗಿ ಇಟ್ಟುಕೊಂಡನಂತೆ. ಹೆಂಡತಿಯೊಡನೆ ಮಾತನಾಡಬೇಕೆನಿಸಿದಾಗಲೆಲ್ಲ ನಗಾರಿಯ ಮೇಲೆ ಕೋಲು ಬೀಳುತ್ತಿತ್ತು.

ಕಿವುಡನ ಮುಂದೆ ಶಂಖ ಊದಿದಂತೆ ಎಂದು ವ್ಯರ್ಥಪ್ರಯತ್ನವನ್ನು ಹಳಿಯುವ ನಮಗೆ ಇದು ತಮಾಷೆಯ ಕಥೆಯೆನಿಸೀತು. ಆದರೆ ಇದು ಕಟ್ಟುಕಥೆಯಲ್ಲ. ಇದರ ಗುಟ್ಟನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ಗಮನಿಸಿದರೆ ಸಾಕು: ಕಿವಿಯ ಮಾಂದ್ಯಕ್ಕೂ ಹೊರಗಿನ ಗದ್ದಲಕ್ಕೂ ಇರುವ ಸಂಬಂಧ ನಾವು ಎಣಿಸಿದಷ್ಟು ಸರಳವಲ್ಲ. ಆ ಸಂಬಂಧವನ್ನು ತಿಳಿದುಕೊಂಡು, ಗದ್ದಲವನ್ನು ಪೆಟ್ಟಿಗೆಯೊಳಗೆ ಹಿಡಿದಿಟ್ಟು, ತಿರುಪಿನಿಂದ ಅದನ್ನು ಏರಿಸಿ ಇಳಿಸಿ, ಕಿವಿಗೆ ಪಾಠ ಹೇಳಲು ಬಳಸಿಕೊಂಡ ವಿದ್ವಾಂಸರ ಇತಿಹಾಸವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಕೇಳಿಸುತ್ತದೆ, ತಿಳಿಯುವುದಿಲ್ಲ

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ವಯಸ್ಸಾದವರಿದ್ದರೆ ಈ ಅನುಭವ ನಿಮಗೆ ಹೊಸದಲ್ಲ. ಮೆಲ್ಲಗೆ ಹೇಳಿದರೆ “ಏನಂದೆ?” ಎನ್ನುತ್ತಾರೆ, ಗಟ್ಟಿಯಾಗಿ ಹೇಳಿದರೆ “ಯಾಕೆ ಹಾಗೆ ಕಿರುಚುತ್ತೀಯೆ?” ಎಂದು ರೇಗುತ್ತಾರೆ. ನಡುಮನೆಯಲ್ಲಿ ಇಬ್ಬರೇ ಕುಳಿತಾಗ ಚೆನ್ನಾಗಿ ಮಾತನಾಡುವ ಹಿರಿಯರು ಮದುವೆಯ ಛತ್ರದಲ್ಲಿ ಮೌನಿಗಳಾಗುತ್ತಾರೆ. ಜನರು ಇದನ್ನು ಬಿಗುಮಾನವೆನ್ನುತ್ತಾರೆ, ಮರೆವೆನ್ನುತ್ತಾರೆ, ಕೆಲವರು “ಬೇಕಾದದ್ದು ಮಾತ್ರ ಕೇಳಿಸುತ್ತದೆ” ಎಂದು ಚುಚ್ಚಿ ನುಡಿಯುವುದೂ ಉಂಟು. ಪಾಪ, ದೋಷವಿರುವುದು ಸ್ವಭಾವದಲ್ಲಲ್ಲ, ಒಳಗಿವಿಯಲ್ಲಿ.

ಶಂಖದಂತೆ ಸುರುಳಿ ಸುತ್ತಿದ ಒಳಗಿವಿಯಲ್ಲಿ ಸೂಕ್ಷ್ಮ ರೋಮಗಳನ್ನು ಹೊತ್ತ ಎರಡು ಬಗೆಯ ಕೋಶಗಳಿವೆ. ಒಳಸಾಲಿನ ಸುಮಾರು 3,500 ಕೋಶಗಳು ಸದ್ದಿನ ಸುದ್ದಿಯನ್ನು ನರಕ್ಕೆ ಮುಟ್ಟಿಸುತ್ತವೆ. ಹೊರಸಾಲುಗಳ ಸುಮಾರು 12,000 ಕೋಶಗಳು ಕ್ಷೀಣವಾದ ಸದ್ದನ್ನು ಬಲಗೊಳಿಸುವುದಲ್ಲದೆ, ಒಂದು ಶ್ರುತಿಯನ್ನು ಪಕ್ಕದ ಶ್ರುತಿಯಿಂದ ಬೇರ್ಪಡಿಸಲು ನೆರವಾಗುತ್ತವೆ. ಮುಪ್ಪಿನಿಂದಲೋ, ದೀರ್ಘಕಾಲದ ಅಬ್ಬರದಿಂದಲೋ, ಕೆಲವು ಔಷಧಗಳಿಂದಲೋ ಮೊದಲು ಹಾಳಾಗುವವು ಸಾಮಾನ್ಯವಾಗಿ ಈ ಹೊರಸಾಲಿನ ಕೋಶಗಳೇ. ಒಮ್ಮೆ ಹಾಳಾದರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಆಗ ಮೆಲ್ಲನೆಯ ಸದ್ದು ಕೇಳಿಸದು. ಜೋರಾದ ಸದ್ದು ಮಾತ್ರ ಎಂದಿನಷ್ಟೇ ಜೋರಾಗಿ ಬಂದು ಅಪ್ಪಳಿಸುವುದು. ಸಾಲದೆಂಬಂತೆ ಮಾತು, ಗದ್ದಲ ಎರಡೂ ಒಂದರೊಳಗೊಂದು ಕಲಸಿಹೋಗುವುವು. ಜರಡಿಯ ಕಣ್ಣು ಹರಿದು ದೊಡ್ಡದಾದರೆ ಹಿಟ್ಟು ತೌಡು ಬೇರೆಯಾಗುವುದು ಹೇಗೆ?

ಕನ್ನಡ ಪಾಠ ಹೇಳುವವನಾದ ನನಗೆ ಇದರಲ್ಲಿ ವಿಶೇಷ ಕುತೂಹಲ. ಉಚ್ಚಾರಣೆಯಲ್ಲಿ ಸ್ವರಗಳು ಬಲಿಷ್ಠ, ವ್ಯಂಜನಗಳು ದುರ್ಬಲ. ಹಾಲು, ಕಾಲು, ಸಾಲು ಎಂಬ ಮೂರು ಮಾತುಗಳನ್ನು ಸಂತೆಯಲ್ಲಿ ನಿಂತು ಹೇಳಿ ನೋಡಿ. ಕಿವಿ ಮಂದವಾದವರಿಗೆ ಮೂರರಲ್ಲಿಯೂ “ಆಲು” ಎಂಬಷ್ಟೇ ಉಳಿಯುತ್ತದೆ. ನಮ್ಮ ನುಡಿಯ ದ್ವಿತ್ವಾಕ್ಷರಗಳ ಪಾಡು ಇನ್ನೂ ಸೂಕ್ಷ್ಮವಾದುದು. “ಕತೆ” ಎಂಬುದಕ್ಕೂ “ಕತ್ತೆ” ಎಂಬುದಕ್ಕೂ ಇರುವ ಮುಖ್ಯ ವ್ಯತ್ಯಾಸ ಏನೆಂದುಕೊಂಡಿರಿ? ನಾಲಗೆಯು ಹಲ್ಲಿಗೆ ತಾಗಿ ತಡೆದು ನಿಲ್ಲುವ ಒಂದು ಕ್ಷಣದ ಮೌನ. ಕತ್ತೆಯಲ್ಲಿ ಆ ಮೌನ ದೀರ್ಘ, ಕತೆಯಲ್ಲಿ ಹ್ರಸ್ವ. ಸುತ್ತಲೂ ಗದ್ದಲವಿದ್ದರೆ ಅದು ನುಗ್ಗಿ ತುಂಬುವುದು ಆ ಮೌನವನ್ನೇ. ಗದ್ದಲವು ಅಕ್ಷರಗಳನ್ನು ಮಾತ್ರವಲ್ಲ, ಅಕ್ಷರಗಳ ನಡುವಣ ಬಿಡುವನ್ನೂ ಕದಿಯುತ್ತದೆ.

ಗಂಟೆಯಿಂದ ಮೊದಲಾದ ಪಾಠ

ಕೆಟ್ಟ ಕಿವಿಗೆ ಉಳಿದಿರುವ ಶಕ್ತಿಯನ್ನು ಅಭ್ಯಾಸದಿಂದ ಹರಿತಗೊಳಿಸಬಹುದೆ? ಈ ಪ್ರಶ್ನೆಯನ್ನು ಕ್ರಮವಾಗಿ ಕೈಗೆತ್ತಿಕೊಂಡವರಲ್ಲಿ ಫ್ರಾನ್ಸಿನ ಝಾನ್ ಇತಾರ್ ಮೊದಲಿಗರ ಸಾಲಿಗೆ ಸೇರುತ್ತಾರೆ. 1800ರಲ್ಲಿ ಪ್ಯಾರಿಸಿನ ಕಿವುಡ ಮಕ್ಕಳ ಸಂಸ್ಥೆಗೆ ವೈದ್ಯರಾಗಿ ಬಂದ ಇವರು, ಅವೆರೋನಿನ ಕಾಡಿನಲ್ಲಿ ಸಿಕ್ಕಿದ ವಿಕ್ಟರ್ ಎಂಬ ಬಾಲಕನಿಗೆ ವಿದ್ಯೆ ಕಲಿಸಲು ಪಟ್ಟ ಪಾಡಿನಿಂದ ಲೋಕಪ್ರಸಿದ್ಧರು. ಅದೇ ದಶಕದಲ್ಲಿ ಅವರು ಕೆಲವು ಕಿವುಡ ವಿದ್ಯಾರ್ಥಿಗಳನ್ನು ಆರಿಸಿಕೊಂಡು ಗಂಟೆಯ ನಾದವನ್ನು ಕೇಳಿಸತೊಡಗಿದರು. ಮೊದಲು ಹತ್ತಿರದಿಂದ, ಆಮೇಲೆ ದೂರದಿಂದ. ಮೊದಲು ಗಟ್ಟಿಯಾಗಿ, ಆಮೇಲೆ ಮೆಲ್ಲನೆ. ಅನಂತರ ತಮಟೆ, ಕೊಳಲು. ಕಡೆಗೆ ಸ್ವರಾಕ್ಷರಗಳು, ವ್ಯಂಜನಗಳು. ಕೇಳುವುದೇ ಇಲ್ಲವೆಂದು ಕೈಬಿಟ್ಟಿದ್ದ ಮಕ್ಕಳಲ್ಲಿ ಕೆಲವರು ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿತರು.

ಆದರೆ ಕಿವಿ ಚುರುಕಾದ ಮಾತ್ರಕ್ಕೆ ಭಾಷೆ ತಾನಾಗಿ ಬಂದು ಒಲಿಯಲಿಲ್ಲ. ಈ ನಿಜವನ್ನು ಇತಾರ್ ಮುಚ್ಚಿಡಲಿಲ್ಲ. ಕಿವುಡ ಮಕ್ಕಳ ವಿದ್ಯಾಭ್ಯಾಸಕ್ಕೆ ಕೈಸನ್ನೆಯ ಭಾಷೆ ಬೇಕೇ ಬೇಕೆಂಬ ಅಭಿಪ್ರಾಯಕ್ಕೆ ಅವರು ತಮ್ಮ ಕೊನೆಗಾಲದಲ್ಲಿ ಬಂದರು. ಶ್ರವಣಶಿಕ್ಷಣದ ಆದಿಪುರುಷನೇ ಅದರ ಎಲ್ಲೆಯನ್ನೂ ತೋರಿಸಿಕೊಟ್ಟನೆಂಬುದನ್ನು ಮರೆಯಬಾರದು. ಮರೆತವರು ಮುಂದೆ ಬಹಳ ಮಂದಿ ಬಂದರು. ಕೈಸನ್ನೆಯನ್ನು ನಿಷೇಧಿಸಿ, ಬಾಯಿ ಕಿವಿಗಳನ್ನೇ ನಂಬಿಸಿ, ಮಕ್ಕಳಿಂದ ಭಾಷೆಯನ್ನೇ ಕಸಿದುಕೊಂಡ ಶಾಲೆಗಳು ಯೂರೋಪು ಅಮೆರಿಕಗಳಲ್ಲಿ ಎಷ್ಟೋ ಆಗಿಹೋದುವು.

ಶತಮಾನ ಮುಗಿಯುವ ಹೊತ್ತಿಗೆ ಶ್ರವಣಾಭ್ಯಾಸದ ಕೇಂದ್ರ ವಿಯೆನ್ನಾ ನಗರಕ್ಕೆ ಬಂತು. ಅಲ್ಲಿಯ ಕಿವಿಯ ವೈದ್ಯ ವಿಕ್ಟರ್ ಉರ್ಬಾನ್‌ಚಿಚ್ ಅವರು ಹಲವು ಸಪ್ತಕಗಳ ವ್ಯಾಪ್ತಿಯುಳ್ಳ ಹಾರ್ಮೋನಿಕಾದಂಥ ಒಂದು ವಾದ್ಯವನ್ನು ಸಿದ್ಧಪಡಿಸಿ, ಕಿವುಡ ಮಕ್ಕಳ ಶಾಲೆಯಲ್ಲಿ ದಿನದಿನವೂ ಅಭ್ಯಾಸ ನಡೆಸಿದರು. 1895ರಲ್ಲಿ ಈ ವಿಷಯವಾಗಿ ಅವರ ಪುಸ್ತಕವೂ ಬಂತು. ಆ ದಶಕದಲ್ಲಿ ಅವರ ಕೆಲಸವನ್ನು ಕಂಡು ಮೆಚ್ಚಿದ ಅಮೆರಿಕದ ವೈದ್ಯ ಮ್ಯಾಕ್ಸ್ ಗೋಲ್ಡ್‌ಸ್ಟೀನ್, 1914ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಕಿವುಡರಿಗಾಗಿ ಒಂದು ಕೇಂದ್ರ ಸಂಸ್ಥೆಯನ್ನು ಸ್ಥಾಪಿಸಿ ಈ ವಿದ್ಯೆಗೆ ನೆಲೆ ಕಲ್ಪಿಸಿದರು. ಇಷ್ಟಾದರೂ ಅಂದಿನ ಅಭ್ಯಾಸವೆಲ್ಲ ನಡೆಯುತ್ತಿದ್ದುದು ನಿಶ್ಶಬ್ದವಾದ ಕೋಣೆಯಲ್ಲಿ. ಲೋಕವು ಅಂಥ ಕೋಣೆಯಲ್ಲ.

ಗದ್ದಲದ ಪೆಟ್ಟಿಗೆ

ಗದ್ದಲವನ್ನು ಬೇಕೆಂದೇ ಕಿವಿಗೆ ಕೊಡುವ ಉಪಾಯ ಹುಟ್ಟಿದ್ದೂ ವಿಯೆನ್ನಾದಲ್ಲಿಯೇ. ಅದರ ಕರ್ತೃ ರಾಬರ್ಟ್ ಬಾರಾನಿ. ಒಳಗಿವಿಯು ದೇಹದ ಸಮತೋಲವನ್ನು ಕಾಯುವ ಬಗೆಯನ್ನು ವಿವರಿಸಿ 1914ನೆಯ ಸಾಲಿನ ನೊಬೆಲ್ ಪಾರಿತೋಷಕ ಪಡೆದ ಮಹನೀಯರು ಇವರು. ಆ ಸುದ್ದಿ ತಲಪಿದಾಗ ಅವರು ರಷ್ಯನರ ಸೆರೆಯಲ್ಲಿದ್ದ ಯುದ್ಧಕೈದಿ!

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬಾರಾನಿಯವರಿಗೆ ಒಂದು ತೊಡಕು ಎದುರಾಯಿತು. ರೋಗಿಯ ಒಂದು ಕಿವಿಯನ್ನು ಪರೀಕ್ಷಿಸುವಾಗ ಸದ್ದು ತಲೆಬುರುಡೆಯ ಮೂಲಕ ಹಾದು ಇನ್ನೊಂದು ಕಿವಿಗೂ ಮುಟ್ಟುತ್ತದೆ. “ಕೇಳಿಸಿತು” ಎಂದು ರೋಗಿ ಹೇಳಿದರೆ ಯಾವ ಕಿವಿಗೆ ಕೇಳಿಸಿತೆಂದು ತಿಳಿಯುವುದು ಹೇಗೆ? ಬೆರಳಿಟ್ಟು ಮುಚ್ಚಿದರೆ ಸಾಲದು. ಅದಕ್ಕಾಗಿ ಅವರು ಗಡಿಯಾರದಂತೆ ಕೀಲಿ ಕೊಟ್ಟರೆ ಗರಗರ ಸದ್ದು ಮಾಡುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಯಂತ್ರವನ್ನು ರಚಿಸಿದರು. ಅದರ ಮೂತಿಯನ್ನು ಪರೀಕ್ಷಿಸದ ಕಿವಿಗೆ ಇಟ್ಟರೆ ಆ ಕಿವಿ ಗದ್ದಲದಲ್ಲಿ ಮುಳುಗಿರುತ್ತದೆ. ಪರೀಕ್ಷೆ ಎರಡನೆಯ ಕಿವಿಗೆ ಮಾತ್ರ ನಡೆಯುತ್ತದೆ. ಬೇಕಾದಾಗ ಹಚ್ಚಿ ಬೇಡವಾದಾಗ ನಿಲ್ಲಿಸಬಹುದಾದ, ಜೇಬಿನಲ್ಲಿ ಒಯ್ಯಬಹುದಾದ ಗದ್ದಲ ವೈದ್ಯರ ಕೈಗೆ ಬಂದದ್ದು ಹೀಗೆ.

ಪ್ಯಾರಿಸಿನ ಎತಿಯೆನ್ ಲೊಂಬಾರ್ ಎಂಬ ವೈದ್ಯರು ಈ ಯಂತ್ರವನ್ನು ಬಳಸುತ್ತಿದ್ದಾಗ ಒಂದು ಸಂಗತಿಯನ್ನು ಕಂಡರು. ಮಾತನಾಡುತ್ತಿರುವವನ ಕಿವಿಗಳಿಗೆ ಗದ್ದಲವನ್ನು ಹಚ್ಚಿದೊಡನೆ ಅವನ ದನಿ ತಾನಾಗಿ ಮೇಲೇರುತ್ತದೆ. ಯಂತ್ರ ನಿಲ್ಲಿಸಿದೊಡನೆ ದನಿಯೂ ಇಳಿಯುತ್ತದೆ. ಹೀಗೆ ಮಾಡುತ್ತಿದ್ದೇನೆಂಬ ಅರಿವೇ ಅವನಿಗೆ ಇರುವುದಿಲ್ಲ. 1911ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಿವುಡೆಂದು ನಟಿಸುವವರನ್ನು ಕಂಡುಹಿಡಿಯಲು ವೈದ್ಯರು ಇದನ್ನು ಉಪಯೋಗಿಸಿಕೊಂಡರು. ಏಕೆಂದರೆ ನಾಲಗೆ ಸುಳ್ಳು ಹೇಳಿದರೂ ದನಿ ಸುಳ್ಳು ಹೇಳದು.

ಈಗ ವಿಲ್ಲಿಸ್ ಹೇಳಿದ ಗೃಹಿಣಿಯ ಗುಟ್ಟು ನಿಮಗೆ ಹೊಳೆದಿರಬೇಕು. ಆಕೆಯ ಒಳಗಿವಿ ಚೆನ್ನಾಗಿಯೇ ಇದ್ದು, ನಡುಗಿವಿಯ ಪುಟ್ಟ ಎಲುಬುಗಳು ಬಿಗಿದುಕೊಂಡಿದ್ದಿರಬೇಕು. ಅಂಥವರಿಗೆ ನಗಾರಿಯ ಸದ್ದೂ ಕ್ಷೀಣವಾಗಿಯೇ ಕೇಳಿಸುತ್ತದೆ. ಆದರೆ ನಗಾರಿಯ ಅಬ್ಬರದಲ್ಲಿ ಗಂಡನು ತನಗೇ ಅರಿವಿಲ್ಲದಂತೆ ದನಿಯೇರಿಸಿ ಮಾತನಾಡುತ್ತಿದ್ದನು. ಹೆಂಡತಿಯ ಕಿವಿಯನ್ನು ತೆರೆದದ್ದು ನಗಾರಿಯಲ್ಲ, ಗಂಡನ ಏರಿದ ಕಂಠ. ಒಳಗಿವಿಯೇ ಕೆಟ್ಟವರಿಗೆ ಈ ಉಪಾಯ ಸಲ್ಲದು. ಅವರಿಗೆ ನಗಾರಿ ಶತ್ರು.

ಗದ್ದಲಕ್ಕೆ ಅಳತೆಗೋಲು

ಶತ್ರುವನ್ನು ಗೆಲ್ಲಬೇಕಾದರೆ ಮೊದಲು ಅವನ ಬಲವನ್ನು ಅಳೆಯಬೇಕು. ಕೀಲಿ ಕೊಡುವ ಯಂತ್ರಕ್ಕೆ ಸದ್ದಿತ್ತೇ ಹೊರತು ಅಳತೆಯಿರಲಿಲ್ಲ. 1920ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಟೆಲಿಫೋನಿನ ಕೆಲಸಕ್ಕಾಗಿ ಒಂದು ಮಾನವನ್ನು ಬಳಕೆಗೆ ತಂದು, ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಸ್ಮರಣೆಗಾಗಿ ಅದನ್ನು ಡೆಸಿಬೆಲ್ ಎಂದು ಕರೆದರು. ಬೆಲ್ಲರ ತಾಯಿಯೂ ಕಿವುಡಿ, ಮಡದಿಯೂ ಕಿವುಡಿ. ಆತ ಸ್ವತಃ ಕಿವುಡರ ಉಪಾಧ್ಯಾಯ. ಆದುದರಿಂದ ಈ ಹೆಸರು ಉಚಿತವೇ ಆಯಿತು. ಪಿಸುಮಾತು ಸುಮಾರು 30 ಡೆಸಿಬೆಲ್, ಎದುರುಬದುರಿನ ಮಾತುಕತೆ ಸುಮಾರು 60, ವಾಹನಗಳು ತುಂಬಿದ ಬೀದಿ 80ರ ಆಸುಪಾಸು. ಈ ಲೆಕ್ಕದಲ್ಲಿ 10 ಹೆಚ್ಚಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. 3 ಹೆಚ್ಚಿದರೆ ಸುಮಾರು ಇಮ್ಮಡಿ.

ಅದೇ ದಶಕದ ನಡುವೆ ನ್ಯೂಯಾರ್ಕಿನ ಬೀದಿಗಳ ಗದ್ದಲವನ್ನು ಮೊದಲು ಅಳೆದದ್ದು ಕಿವಿಪರೀಕ್ಷೆಯ ಯಂತ್ರದಿಂದಲೇ. ಗೊತ್ತಾದ ಬಲದ ಒಂದು ಸದ್ದನ್ನು ಕಿವಿಯ ಹತ್ತಿರ ಹಿಡಿದು, ಬೀದಿಯ ಗಲಭೆಯಲ್ಲಿ ಅದು ಎಷ್ಟು ಏರಿದಾಗ ಕೇಳಿಸುತ್ತದೆಂದು ನೋಡುವುದು. ಆ ಏರಿಕೆಯೇ ಗದ್ದಲದ ಅಳತೆ. 1929ರಲ್ಲಿ ಆ ನಗರವು ಗದ್ದಲ ನಿವಾರಣೆಗೆಂದೇ ಒಂದು ಆಯೋಗವನ್ನು ನೇಮಿಸಿತು. ಸಲಕರಣೆಗಳನ್ನು ಹೊತ್ತ ಮೋಟಾರು ಗಾಡಿಯೊಂದು ಬೀದಿಬೀದಿ ಸುತ್ತಿ ಲೆಕ್ಕ ಬರೆದುಕೊಂಡಿತು. ಮರುವರ್ಷ ವರದಿ ಹೊರಬಿತ್ತು. ಮಾತಿನ ಬಲ ಇಷ್ಟು, ಗದ್ದಲದ ಬಲ ಇಷ್ಟು, ಎರಡರ ನಡುವಣ ಅಂತರ ಇಷ್ಟು ಎಂದು ಅಂಕಿಗಳಲ್ಲಿ ಹೇಳಲು ಸಾಧ್ಯವಾದ ಮೇಲೆ ಗದ್ದಲವು ಪಾಠದ ಮೆಟ್ಟಿಲಾಗಲು ಅರ್ಹವಾಯಿತು. ಈ ಅಂತರವೇ ಮುಂದಿನ ಕಥೆಯ ಬೀಜಮಂತ್ರ.

ಯುದ್ಧವು ಕಲಿಸಿದ ಪಾಠ

ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಮೊರೆತದಲ್ಲಿ ಆಜ್ಞೆಗಳು ಕೇಳಿಸಬೇಕಾಗಿತ್ತು. 1940ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಎಸ್. ಎಸ್. ಸ್ಟೀವನ್ಸ್ ಅವರ ನೇತೃತ್ವದಲ್ಲಿ ಆರಂಭವಾದ ಪ್ರಯೋಗಶಾಲೆ, ಗದ್ದಲದ ನಡುವೆ ನೂರು ಮಾತುಗಳಲ್ಲಿ ಎಷ್ಟು ಸರಿಯಾಗಿ ಕೇಳಿಸುತ್ತವೆಂದು ಎಣಿಸುವ ಪದಪಟ್ಟಿಗಳನ್ನು ರಚಿಸಿತು. ಇತ್ತ ಗುಂಡು ಫಿರಂಗಿಗಳ ಸದ್ದಿನಿಂದ ಕಿವಿ ಕೆಟ್ಟ ಸೈನಿಕರು ಸಾವಿರಗಟ್ಟಲೆ ತಾಯ್ನಾಡಿಗೆ ಮರಳುತ್ತಿದ್ದರು. ಇವರೆಲ್ಲ ಪ್ರಾಯದವರು, ಭಾಷೆ ಬಲ್ಲವರು, ಮುಂದೆ ಸಂಸಾರ, ಉದ್ಯೋಗ ಎಲ್ಲವೂ ಇರುವವರು.

ಇವರಿಗಾಗಿ ಅಮೆರಿಕದ ಸೈನ್ಯವು ತೆರೆದ ಕೇಂದ್ರಗಳಲ್ಲಿ ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಡೆಶಾನ್ ಆಸ್ಪತ್ರೆ ಒಂದು. ಅಲ್ಲಿಗೆ 1944ರಲ್ಲಿ ಬಂದವರು ರೇಮಂಡ್ ಕಾರ್ಹಾರ್ಟ್. ಶ್ರವಣವಿಜ್ಞಾನದ ಪಿತಾಮಹರಲ್ಲಿ ಒಬ್ಬರೆಂದು ಇವರನ್ನು ಗೌರವಿಸುತ್ತಾರೆ. ಶ್ರವಣಯಂತ್ರವನ್ನು ಕಿವಿಗೆ ಸಿಕ್ಕಿಸಿ ಕಳುಹಿಸಿಬಿಟ್ಟರೆ ಕೆಲಸ ಮುಗಿಯಲಿಲ್ಲವೆಂಬುದು ಅವರ ನಿಲುವು. ಮಕ್ಕಳಿಗೆ ಅವರು ನಾಲ್ಕು ಮೆಟ್ಟಿಲುಗಳನ್ನು ಹೇಳಿದರು: ಸದ್ದಿದೆಯೆಂಬ ಅರಿವು, ತೀರ ಭಿನ್ನವಾದ ಸದ್ದುಗಳ ವಿವೇಚನೆ, ಸರಳ ಮಾತುಗಳ ವಿವೇಚನೆ, ಕೊನೆಗೆ ಮಾತಿನ ಸೂಕ್ಷ್ಮಭೇದಗಳ ವಿವೇಚನೆ. ಭಾಷೆ ಬಲ್ಲ ದೊಡ್ಡವರಿಗಾದರೋ ಮೂರು ಸಂದರ್ಭಗಳಲ್ಲಿ ಅಭ್ಯಾಸವಾಗಬೇಕೆಂದರು: ಹಿನ್ನೆಲೆಯಲ್ಲಿ ಜೋರಾದ ಗದ್ದಲವಿರುವಾಗ, ಇನ್ನೊಬ್ಬರ ಮಾತು ಅಡ್ಡಬರುತ್ತಿರುವಾಗ, ಟೆಲಿಫೋನಿನಲ್ಲಿ ಕೇಳುವಾಗ. ನಿಶ್ಶಬ್ದದ ಕೋಣೆಯಿಂದ ಪಾಠವು ಬೀದಿಗೆ ಇಳಿದದ್ದು ಇಲ್ಲಿ. ಬಾರಾನಿಯವರ ಯಂತ್ರದಲ್ಲಿ ಕೇಳದಂತೆ ಮಾಡುವ ಪರದೆಯಾಗಿದ್ದ ಗದ್ದಲವು ಇಲ್ಲಿ ಕೇಳಲು ಕಲಿಸುವ ಗರಡಿಯಾಯಿತು.

ಇನ್ನೊಬ್ಬರ ಮಾತು ಅಡ್ಡ ಬರುವುದು ಬರಿಯ ಮೊರೆತಕ್ಕಿಂತ ಏಕೆ ಕಠಿಣ? 1953ರಲ್ಲಿ ಕಾಲಿನ್ ಚೆರಿ ಎಂಬ ವಿದ್ವಾಂಸರು ಎರಡು ಕಿವಿಗಳಿಗೆ ಎರಡು ಬೇರೆ ಬೇರೆ ಮಾತುಗಳನ್ನು ಏಕಕಾಲದಲ್ಲಿ ಕೇಳಿಸಿ ಪರೀಕ್ಷಿಸಿದರು. ಒಂದು ಕಿವಿಯ ಮಾತನ್ನು ಅನುಸರಿಸುತ್ತಿದ್ದವರಿಗೆ ಇನ್ನೊಂದು ಕಿವಿಯಲ್ಲಿ ಯಾವುದೋ ದನಿ ಇತ್ತೆಂಬುದು ತಿಳಿಯಿತೇ ಹೊರತು ಅದು ಏನು ಹೇಳಿತೆಂಬುದು ತಿಳಿಯಲಿಲ್ಲ. ಕೇಳುವುದು ಕಿವಿಯ ಕೆಲಸ. ಆರಿಸುವುದು ಮನಸ್ಸಿನ ಕೆಲಸ. ಹಿಂದೆ ಷಾರ್ಟ್‌ವೇವಿನಲ್ಲಿ ದೂರದ ನಿಲಯವನ್ನು ಹಿಡಿಯಲು ರೇಡಿಯೋ ಮುಂದೆ ಕುಳಿತು, ಗೊರಗೊರ ಸದ್ದಿನ ನಡುವೆ ವಾರ್ತೆಯ ಎಳೆಯನ್ನು ಬಿಡದೆ ಹಿಡಿದವರಿಗೆ ಈ ಆರಿಸುವ ವಿದ್ಯೆಯ ಪರಿಚಯ ಚೆನ್ನಾಗಿಯೇ ಉಂಟು. ಆ ವಿದ್ಯೆಯಲ್ಲಿ ಪಳಗಿದವರಿಗೂ ಆಯಾಸ ತಪ್ಪುತ್ತಿರಲಿಲ್ಲ. ಕಿವಿ ಮಂದವಾದವರ ಪಾಲಿಗೆ ದಿನದ ಎಲ್ಲ ಮಾತೂ ಅಂಥ ಷಾರ್ಟ್‌ವೇವೇ. ಸಂಜೆಗೆ ಅವರು ಬಳಲಿ ಒಂಟಿಯಾಗಿ ಕುಳಿತರೆ ಅದಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಹಗುರವಾದ ಯಂತ್ರ

ಯುದ್ಧಕಾಲದ ಅಭ್ಯಾಸಕ್ಕೆ ಗ್ರಾಮಫೋನು, ವಾಲ್ವುಗಳ ಧ್ವನಿವರ್ಧಕ, ಭಾರವಾದ ಮೇಜು ಎಲ್ಲವೂ ಬೇಕಾಗಿತ್ತು. 1947ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್, ಬ್ರಾಟೈನ್, ಷಾಕ್ಲಿ ಎಂಬ ಮೂವರ ಶೋಧನೆಯ ಫಲವಾಗಿ ಟ್ರಾನ್ಸಿಸ್ಟರು ಬಂತು. ಅದು ಜನಸಾಮಾನ್ಯರ ಕೈಗೆ ಮೊದಲು ತಲಪಿದ್ದು ರೇಡಿಯೋದ ಮೂಲಕವಲ್ಲ, 1952ರ ಕೊನೆಯ ವೇಳೆಗೆ ಬಂದ ಶ್ರವಣಯಂತ್ರಗಳ ಮೂಲಕ. ಬೆಲ್ಲರ ಸ್ಮರಣೆಗಾಗಿ ಆ ಸಂಸ್ಥೆಯು ಶ್ರವಣಯಂತ್ರಗಳಿಗೆ ಬಳಸುವ ಟ್ರಾನ್ಸಿಸ್ಟರಿನ ಮೇಲೆ ರಾಜಧನವನ್ನು ಬಿಟ್ಟುಕೊಟ್ಟಿತೆಂಬುದು ವ್ಯಾಪಾರದ ಇತಿಹಾಸದಲ್ಲಿ ಅಪರೂಪವಾದ ಸೌಜನ್ಯ.

ಟ್ರಾನ್ಸಿಸ್ಟರಿನ ಅನಂತರ ಅಭ್ಯಾಸದ ಪೆಟ್ಟಿಗೆಯೂ ಕೈಚೀಲಕ್ಕೆ ಇಳಿಯಿತು. ಟೇಪು ಬಂತು, ಕ್ಯಾಸೆಟ್ಟು ಬಂತು, ಗಣಕಯಂತ್ರ ಬಂತು, ಈಗ ಜೇಬಿನ ಫೋನಿಗೂ ಬಂದಿದೆ. ಹೊರರೂಪ ಏನೇ ಇರಲಿ, ಒಳಗಿನ ಅಂಗಗಳು ನಾಲ್ಕೇ. ಮೊದಲನೆಯದು ಮಾತಿನ ಮೂಲ. ಎರಡನೆಯದು ಗದ್ದಲದ ಮೂಲ. ಅದು ಜಲಪಾತದ ಭೋರ್ಗರೆತದಂತೆ ಒಂದೇ ಸಮನಾಗಿರಬಹುದು, ಇಲ್ಲವೆ ಹಲವರು ಒಟ್ಟಿಗೆ ಹರಟುವ ಕಲಕಲವಾಗಿರಬಹುದು. ಮೂರನೆಯದು ಇವೆರಡಕ್ಕೂ ಪ್ರತ್ಯೇಕವಾದ ತಿರುಪುಗಳು. ನಾಲ್ಕನೆಯದು ಎರಡನ್ನೂ ಬೆರೆಸಿ ಕಿವಿಗೆ ಮುಟ್ಟಿಸುವ ಹೆಡ್‌ಫೋನು, ಮತ್ತು ಬಲವು ಮಿತಿ ಮೀರದಂತೆ ತಡೆಯುವ ಕಾವಲು. ಈ ಕಾವಲು ಅತ್ಯಾವಶ್ಯಕ. ದಿನಕ್ಕೆ 8 ಗಂಟೆಗಳ ಕಾಲ 85 ಡೆಸಿಬೆಲ್ ಎಂಬುದನ್ನು ಕಾರ್ಖಾನೆಗಳ ಆರೋಗ್ಯಶಾಸ್ತ್ರದಲ್ಲಿ ಎಲ್ಲೆಯೆಂದು ಹೇಳುವುದುಂಟು. ಅಲ್ಲಿಂದ ಮೇಲೆ 3 ಏರಿದಂತೆಲ್ಲ ಕಾಲವನ್ನು ಅರ್ಧಕ್ಕಿಳಿಸಬೇಕು. ಕಿವಿಗೆ ಪಾಠ ಹೇಳುವ ಯಂತ್ರವೇ ಉಳಿದ ಕಿವಿಯನ್ನೂ ಕೆಡಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಪಾಠದ ಕ್ರಮ ಹೀಗೆ. ಮಾತು ಗದ್ದಲಕ್ಕಿಂತ 15 ಡೆಸಿಬೆಲ್ ಮೇಲಿರುವಂತೆ ಇಟ್ಟು ಆರಂಭಿಸುವುದು. ಕೇಳುವವರು ಸರಿಯಾಗಿ ಹೇಳಿದರೆ ಅಂತರವನ್ನು ತುಸು ತಗ್ಗಿಸುವುದು. ತಪ್ಪಿದರೆ ಮತ್ತೆ ಹಿಗ್ಗಿಸುವುದು. ಎರಡು ಸಲ ಸರಿಯಾದರೆ ಒಂದು ಮೆಟ್ಟಿಲು ಕೆಳಕ್ಕೆ, ಒಂದು ಸಲ ತಪ್ಪಿದರೆ ಒಂದು ಮೆಟ್ಟಿಲು ಮೇಲಕ್ಕೆ ಎಂಬ ನಿಯಮಕ್ಕೆ 1971ರಲ್ಲಿ ಹ್ಯಾರಿ ಲೆವಿಟ್ ಅವರು ಗಣಿತದ ಆಧಾರವನ್ನು ವಿವರಿಸಿದರು. ಹೀಗೆ ಮಾಡಿದರೆ ಪಾಠವು ಕಲಿಯುವವನ ಶಕ್ತಿಯ ಅಂಚಿನಲ್ಲಿಯೇ ನಡೆಯುತ್ತದೆ. ಬೇಸರ ಬರುವಷ್ಟು ಸುಲಭವೂ ಅಲ್ಲ, ಎದೆಗುಂದುವಷ್ಟು ಕಷ್ಟವೂ ಅಲ್ಲ. ಒಳ್ಳೆಯ ಉಪಾಧ್ಯಾಯನು ಬಾಯಿಲೆಕ್ಕ ಹೇಳಿಕೊಡುವಾಗ ಮಾಡುವುದೂ ಇದನ್ನೇ.

ಫಲವೆಷ್ಟು?

ಇಷ್ಟು ಪರಿಶ್ರಮಕ್ಕೆ ಫಲವೆಷ್ಟೆಂದು ಕೇಳುವುದು ನ್ಯಾಯ. ಅಭ್ಯಾಸ ಮಾಡಿದ ಪಾಠದಲ್ಲಿ ಜನರು ಸುಧಾರಿಸುತ್ತಾರೆ, ಇದರಲ್ಲಿ ಸಂಶಯವಿಲ್ಲ. ಪೆಟ್ಟಿಗೆಯ ಗದ್ದಲದಲ್ಲಿ ಗೆದ್ದವರು ಛತ್ರದ ಗದ್ದಲದಲ್ಲಿಯೂ ಗೆಲ್ಲುತ್ತಾರೆಯೆ ಎಂಬುದು ಬೇರೆ ಪ್ರಶ್ನೆ. ಈ ಶತಮಾನದ ಮೊದಲ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಣಕಯಂತ್ರದ ಮೂಲಕ ಮನೆಯಲ್ಲಿಯೇ ಮಾಡಬಹುದಾದ ಒಂದು ಅಭ್ಯಾಸಕ್ರಮ ಸಿದ್ಧವಾಯಿತು. ಆರಂಭದ ಫಲಿತಾಂಶಗಳು ಆಶಾದಾಯಕವಾಗಿದ್ದುವು. ಆದರೆ ನಿವೃತ್ತ ಸೈನಿಕರ ಮೇಲೆ ಕಟ್ಟುನಿಟ್ಟಾಗಿ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬರಿಯ ಶ್ರವಣಯಂತ್ರ ಧರಿಸಿದವರಿಗಿಂತ ಅಭ್ಯಾಸವನ್ನೂ ಮಾಡಿದವರು ಹೆಚ್ಚು ಮುಂದುವರಿದುದು ಕಾಣಲಿಲ್ಲ. ಹಾಗೆಂದು ಅಭ್ಯಾಸವೇ ವ್ಯರ್ಥವೆನ್ನಲಾಗದು. ಎಲ್ಲರಿಗೂ ಒಂದೇ ಮದ್ದಲ್ಲವೆಂದಷ್ಟೇ ಇದರ ಅರ್ಥ. ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಕೃತಕ ಉಪಕರಣವನ್ನು ಇರಿಸಿಕೊಂಡವರಿಗೆ ಶ್ರವಣಶಿಕ್ಷಣವು ಇಂದಿಗೂ ಚಿಕಿತ್ಸೆಯ ಭಾಗವೇ ಆಗಿದೆ.

ಯಂತ್ರವೇ ಗದ್ದಲವನ್ನು ಅಡಗಿಸಬಾರದೆ ಎಂದೀರಿ. 1996ರಿಂದ ಪೂರ್ತಿ ಡಿಜಿಟಲ್ ಶ್ರವಣಯಂತ್ರಗಳು ಬಂದಿವೆ. ಅವುಗಳ ಗದ್ದಲ ತಗ್ಗಿಸುವ ಏರ್ಪಾಡು ಕಿವಿಗೆ ಹಿತ ಕೊಡುತ್ತದೆ, ಆಯಾಸವನ್ನು ಕಡಮೆ ಮಾಡುತ್ತದೆ. ಮಾತನ್ನು ತಿಳಿಯಾಗಿಸುವುದರಲ್ಲಿ ಅದರ ಸಾಧನೆ ಬಹುಕಾಲ ಅಲ್ಪವಾಗಿಯೇ ಉಳಿಯಿತು. ಮುಂದಿನಿಂದ ಬರುವ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕುಗಳಿಂದ ಅದಕ್ಕಿಂತ ಹೆಚ್ಚು ಲಾಭ. ಎಲ್ಲಕ್ಕಿಂತ ಹೆಚ್ಚಿನ ಲಾಭ ಯಾವುದರಿಂದ ಗೊತ್ತೆ? ಮಾತನಾಡುವವರ ಬಾಯಿಯ ಬಳಿಯಲ್ಲಿಯೇ ಮೈಕನ್ನಿಟ್ಟು, ಆ ಮಾತನ್ನು ನಿಸ್ತಂತುವಾಗಿ ನೇರವಾಗಿ ಕಿವಿಗೆ ಕಳುಹಿಸುವುದರಿಂದ. ಇದು ದೂರವನ್ನು ಗೆದ್ದುದರ ಫಲ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಉಪಾಧ್ಯಾಯನ ದನಿ ಒಂದು ಮೀಟರಿನಲ್ಲಿ 65 ಇದ್ದರೆ ಎರಡು ಮೀಟರಿನಲ್ಲಿ 59, ನಾಲ್ಕು ಮೀಟರಿನಲ್ಲಿ 53. ತರಗತಿಯ ಗದ್ದಲ 55 ಎಂದಿಟ್ಟುಕೊಳ್ಳಿ; ಗೋಡೆಗಳ ಮಾರ್ದನಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮುಂದಿನ ಬೆಂಚಿಗೆ ಮಾತು ಗದ್ದಲಕ್ಕಿಂತ ಮೇಲಿದೆ, ಹಿಂದಿನ ಬೆಂಚಿಗೆ ಕೆಳಗಿದೆ. ಮಕ್ಕಳಿಗೆ ಈ ಅಂತರ 15ರಷ್ಟಿರಬೇಕೆಂಬುದು ತಜ್ಞರ ಮತ. ಹಿಂದಿನ ಬೆಂಚಿನಲ್ಲಿ ಕುಳಿತು “ಮಂಕ” ಎಂಬ ಬಿರುದು ಹೊತ್ತ ಎಷ್ಟೋ ಹುಡುಗರ ಬುದ್ಧಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆಯಿದ್ದುದು ಈ ಕೆಲವು ಡೆಸಿಬೆಲ್‌ಗಳಲ್ಲಿ.

ನಮ್ಮ ನಾಡಿನಲ್ಲಿ

ಈ ವಿದ್ಯೆಗೆ ಭಾರತದಲ್ಲಿ ತವರುಮನೆಯಾದದ್ದು ನಮ್ಮ ಮೈಸೂರು. 1966ರಲ್ಲಿ ಅಲ್ಲಿ ರೂಪುಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯ ಆವರಣದಲ್ಲಿ ಪರೀಕ್ಷೆ, ಚಿಕಿತ್ಸೆ, ಅಧ್ಯಾಪನ ಮೂರನ್ನೂ ನಡೆಸಿಕೊಂಡು ಬಂದಿದೆ. ಮನೋವಿಜ್ಞಾನದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಖಾಸಗಿ ಬಾನುಲಿ ನಿಲಯವನ್ನು ತೆರೆದು “ಆಕಾಶವಾಣಿ” ಎಂಬ ಹೆಸರು ಬಳಕೆಗೆ ಬಂದ ಊರೂ ಅದೇ. ಮಾತನ್ನು ದೂರಕ್ಕೆ ಕಳುಹಿಸಿದ ಊರೇ ಮಾತು ಕೇಳಿಸದವರ ಕೈಹಿಡಿದದ್ದು ಸಂತೋಷದ ಸಂಗತಿ.

ಕನ್ನಡಿಗರು ಮುಖ್ಯವಾಗಿ ಗಮನಿಸಬೇಕಾದುದು ಇನ್ನೊಂದು. ಇಂಗ್ಲಿಷಿನ ಪದಪಟ್ಟಿಯಿಂದ ಕನ್ನಡದ ಕಿವಿಯನ್ನು ಪರೀಕ್ಷಿಸುವುದಾಗಲಿ ಶಿಕ್ಷಿಸುವುದಾಗಲಿ ಸಲ್ಲದು. ಇಂಗ್ಲಿಷಿನ ಪಟ್ಟಿಯಲ್ಲಿ ಕತೆ ಕತ್ತೆಗಳ ಭೇದವೆಲ್ಲಿ, ಬಲೆ ಬಳೆಗಳ ಭೇದವೆಲ್ಲಿ? ಆದುದರಿಂದಲೇ ನಮ್ಮ ನುಡಿಯ ಅಕ್ಷರಗಳ ಬಳಕೆಗೆ ತಕ್ಕಂತೆ ಹದಗೊಳಿಸಿದ ಕನ್ನಡ ಪದಪಟ್ಟಿಗಳೂ, ಗದ್ದಲದ ನಡುವೆ ಕನ್ನಡ ವಾಕ್ಯಗಳನ್ನು ಕೇಳಿಸುವ ಪರೀಕ್ಷೆಗಳೂ ಸಿದ್ಧವಾಗಿವೆ. ಭಾಷಾಶಾಸ್ತ್ರವು ಪಂಡಿತರ ಚರ್ಚೆಗೆ ಮಾತ್ರ ಮೀಸಲೆಂದು ತಿಳಿದವರಿಗೆ ಇದು ತಕ್ಕ ಉತ್ತರ.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಲೋಕದಲ್ಲಿ ಸುಮಾರು 43 ಕೋಟಿ ಜನರಿಗೆ ಶ್ರವಣದೋಷಕ್ಕೆ ಪರಿಹಾರ ಬೇಕಾಗಿದೆ. ಅವರೆಲ್ಲರಿಗೂ ಯಂತ್ರವೂ ಶಿಕ್ಷಕರೂ ದೊರೆಯುವ ದಿನ ದೂರವಿದೆ. ಆದರೆ ಗದ್ದಲದ ತಿರುಪು ಒಂದು ನಿಮ್ಮ ಕೈಯಲ್ಲಿಯೂ ಇದೆಯೆಂಬುದನ್ನು ಮರೆಯಬೇಡಿ. ಹಿರಿಯರೊಡನೆ ಮಾತನಾಡುವ ಮುನ್ನ ರೇಡಿಯೋವನ್ನೋ ದೂರದರ್ಶನವನ್ನೋ ತಗ್ಗಿಸಿ. ಅಡಿಗೆಮನೆಯಿಂದ ಕೂಗಬೇಡಿ, ಹತ್ತಿರ ಬನ್ನಿ. ದೂರ ಅರ್ಧವಾದರೆ 6 ಡೆಸಿಬೆಲ್ ಬಿಟ್ಟಿಯಾಗಿ ಬರುತ್ತದೆ. ಬೆಳಕು ನಿಮ್ಮ ಮುಖದ ಮೇಲಿರಲಿ; ತುಟಿಯ ಚಲನೆಯೂ ಅರ್ಧ ಮಾತನ್ನು ಹೇಳುತ್ತದೆ. ಕಿರುಚಬೇಡಿ, ತುಸು ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿ. ಒಮ್ಮೆ ತಿಳಿಯದಿದ್ದರೆ ಅದೇ ಮಾತನ್ನು ಏರುದನಿಯಲ್ಲಿ ಒದರುವ ಬದಲು ಬೇರೆ ಮಾತಿನಲ್ಲಿ ಹೇಳಿ. “ಏನೂ ಇಲ್ಲ, ಬಿಡಿ” ಎಂದು ಮಾತ್ರ ಎಂದೂ ಹೇಳಬೇಡಿ. ಯಾವ ಯಂತ್ರವೂ ಸರಿಪಡಿಸಲಾರದ ಗಾಯವನ್ನು ಆ ಮೂರು ಮಾತುಗಳು ಮಾಡುತ್ತವೆ. ಮಗುವಿನ ಕಿವಿಯ ವಿಷಯದಲ್ಲಿ ಸಂದೇಹ ಬಂದರೆ “ದೊಡ್ಡವನಾದ ಮೇಲೆ ಸರಿಹೋಗುತ್ತದೆ” ಎಂದು ಕಾಯದೆ ಪರೀಕ್ಷೆ ಮಾಡಿಸಿ. ನುಡಿ ಬೇರೂರುವ ಮೊದಲ ವರ್ಷಗಳು ಮರಳಿ ಬರುವುದಿಲ್ಲ.

ಇತಾರ್ ಗಂಟೆ ಬಾರಿಸಿದಂದಿನಿಂದ ಇಂದಿನ ಜೇಬಿನ ಯಂತ್ರದ ವರೆಗೆ ಎರಡು ಶತಮಾನಗಳಿಗೂ ಮಿಕ್ಕಿ ನಡೆದ ಈ ಪ್ರಯತ್ನದಲ್ಲಿ ಕಿವಿ ಕೆಟ್ಟವರೇ ಲೋಕಕ್ಕೆ ಹೊಂದಿಕೊಳ್ಳಬೇಕೆಂಬ ಹಟ ಕೆಲವು ಕಾಲ ಮೇಲುಗೈಯಾಗಿತ್ತು. ಲೋಕವೂ ಅವರಿಗೆ ತುಸು ಹೊಂದಿಕೊಳ್ಳಬೇಕೆಂಬ ಅರಿವು ಈಗ ಬೆಳೆಯುತ್ತಿದೆ. ಅಭ್ಯಾಸ ಮಾಡುವ ಶ್ರಮ ಅವರದಾದರೆ, ಗದ್ದಲವನ್ನು ಇಳಿಸುವ ಸೌಜನ್ಯ ನಮ್ಮದಾಗಲಿ.